ಹಲವು ದನಿ, ಒಂದೇ ಕಥೆ: ಜರ್ಮನ್ ಟ್ಯಾಂಕ್ ಸೈನಿಕರ ನೆನಪುಗಳನ್ನು ಅಚ್ಚು ಹಾಕುವ ಪ್ರಶ್ನೆ

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಪಾಂಜರ್ ದಳಗಳಲ್ಲಿದ್ದವರ ನೆನಪುಗಳನ್ನು ಒಂದೆಡೆ ಸೇರಿಸಿ ಪ್ರಕಟಿಸುವ ಸಂಪುಟಗಳು ದಶಕಗಳಿಂದ ಜರ್ಮನ್‌ನಲ್ಲೂ ಇಂಗ್ಲಿಷ್‌ನಲ್ಲೂ ಬರುತ್ತಿವೆ. ಅವುಗಳ ಹಿಂದಿರುವ ನಂಬಿಕೆಯನ್ನು ಹೀಗೆ ಹೇಳಬಹುದು. ದಂಡನಾಯಕರು ಬರೆದದ್ದು ತಮ್ಮ ಸಮರ್ಥನೆಗಾಗಿ. ಸೇನೆಯ ಕಡತಗಳಲ್ಲಿ ಸಿಗುವುದು ಸಂಖ್ಯೆ ಮಾತ್ರ. ಯುದ್ಧ ನಿಜವಾಗಿ ಹೇಗಿತ್ತೆಂದು ಗೊತ್ತಿದ್ದದ್ದು ಆ ಕಬ್ಬಿಣದ ಪೆಟ್ಟಿಗೆಯೊಳಗೆ ಕೂತಿದ್ದ ಹತ್ತೊಂಬತ್ತು ಇಪ್ಪತ್ತರ ಹುಡುಗರಿಗೆ. ಒಬ್ಬನ ನೆನಪು ತಪ್ಪಬಹುದು, ಆದರೆ ಹತ್ತಾರು ಜನರ ನೆನಪನ್ನು ಪಕ್ಕಪಕ್ಕದಲ್ಲಿಟ್ಟರೆ ಒಬ್ಬನ ತಪ್ಪನ್ನು ಇನ್ನೊಬ್ಬ ತಿದ್ದುತ್ತಾನೆ. ಆದ್ದರಿಂದ ಸಂಪಾದಕ ತನ್ನ ಅಭಿಪ್ರಾಯ ಬೆರೆಸದೆ ಅವರು ಹೇಳಿದ್ದನ್ನು ಹೇಳಿದಂತೆ ಅಚ್ಚು ಹಾಕಬೇಕು, ರಾಜಕೀಯವನ್ನು ಹೊರಗಿಡಬೇಕು, ತೀರ್ಮಾನವನ್ನು ಓದುಗನಿಗೆ ಬಿಡಬೇಕು. ಹೀಗೆ ನಂಬುವವರೆಲ್ಲ ನಾಜಿಗಳ ಅಭಿಮಾನಿಗಳಲ್ಲ. ಸಾಮಾನ್ಯ ಮನುಷ್ಯನ ಅನುಭವಕ್ಕೂ ಇತಿಹಾಸದಲ್ಲಿ ಜಾಗ ಇರಬೇಕೆಂಬ ಒಳ್ಳೆಯ ಆಸೆಯೇ ಅವರಲ್ಲಿ ಬಹುಪಾಲು ಜನರನ್ನು ನಡೆಸುತ್ತದೆ. ಆದರೆ ಈ ನಂಬಿಕೆಯಲ್ಲಿ ಬೇರೆ ಬೇರೆಯಾದ ಹಲವು ಮಾತುಗಳು ಒಂದಕ್ಕೊಂದು ಅಂಟಿಕೊಂಡಿವೆ. ಬಿಡಿಸಿ ನೋಡಿದರೆ ಅದರ ಒಂದು ಭಾಗ ಗಟ್ಟಿಯಾಗಿ ನಿಲ್ಲುತ್ತದೆ, ಮುಖ್ಯ ಭಾಗ ನಿಲ್ಲುವುದಿಲ್ಲ.

ಮೊದಲು ನಿಲ್ಲುವ ಭಾಗ. ಕಡತಗಳು ಎಲ್ಲವನ್ನೂ ಹೇಳುವುದಿಲ್ಲ, ಎಲ್ಲ ಕಡತಗಳೂ ಉಳಿದಿಲ್ಲ. ಪೋಟ್ಸ್‌ಡಾಮ್‌ನಲ್ಲಿದ್ದ ಸೇನಾ ದಾಖಲಾಲಯದ ದೊಡ್ಡ ಪಾಲು 1945ರ ಏಪ್ರಿಲ್‌ನ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಉಳಿದ ಯುದ್ಧ ಡೈರಿಗಳಲ್ಲಿ ಇಂಥ ದಿನ ಇಷ್ಟು ಟ್ಯಾಂಕುಗಳು ಕೆಲಸಕ್ಕೆ ಯೋಗ್ಯ ಎಂದಿರುತ್ತದೆಯೇ ಹೊರತು, ಅಷ್ಟನ್ನು ಯೋಗ್ಯವಾಗಿಡಲು ಎಷ್ಟು ಜನ ಕೆಸರಿನಲ್ಲಿ ಮಲಗಿ ರಾತ್ರಿ ಕಳೆದರೆಂದು ಇರುವುದಿಲ್ಲ. ಟೈಗರ್ ಟ್ಯಾಂಕನ್ನು ರೈಲಿನಲ್ಲಿ ಸಾಗಿಸುವಾಗ ಪ್ರತಿ ಸಲವೂ ಅಗಲದ ಸರಪಳಿಪಟ್ಟಿ ಕಳಚಿ ಕಿರಿದಾದ ಇನ್ನೊಂದನ್ನು ತೊಡಿಸಬೇಕಿತ್ತು. ಕೆಟ್ಟು ನಿಂತ ಒಂದು ಟೈಗರನ್ನು ಎಳೆದು ತರಲು ಹದಿನೆಂಟು ಟನ್ ಸಾಮರ್ಥ್ಯದ ಎಳೆಬಂಡಿಗಳು ಸಾಮಾನ್ಯವಾಗಿ ಮೂರು ಬೇಕಾಗುತ್ತಿದ್ದವು. 1943ರ ಜುಲೈನಲ್ಲಿ ಕುರ್ಸ್ಕ್‌ಗೆ ಕಳುಹಿಸಿದ ಸುಮಾರು ಇನ್ನೂರು ಹೊಸ ಪ್ಯಾಂಥರ್ ಟ್ಯಾಂಕುಗಳಲ್ಲಿ ಬಹಳಷ್ಟು ಶತ್ರುವಿನ ಗುಂಡಿಗಿಂತ ಮೊದಲು ತಮ್ಮ ಎಂಜಿನ್ ಮತ್ತು ಗೇರುಗಳ ತೊಂದರೆಗೇ ಮಣಿದವು. ಈ ಯಂತ್ರಗಳೊಡನೆ ಬದುಕುವುದೆಂದರೆ ಏನಾಗಿತ್ತು, ಇಂಧನವಿಲ್ಲದೆ ತಮ್ಮದೇ ಟ್ಯಾಂಕನ್ನು ಸಿಡಿಸಿ ನಡೆದು ಹಿಂದಿರುಗುವುದು ಹೇಗಿತ್ತು, ಪಕ್ಕದ ಟ್ಯಾಂಕಿಗೆ ಬೆಂಕಿ ಹತ್ತಿದಾಗ ರೇಡಿಯೊದಲ್ಲಿ ಏನು ಕೇಳಿಸುತ್ತಿತ್ತು, ಇವು ಮನುಷ್ಯರ ನೆನಪಿನಿಂದಲ್ಲದೆ ಬೇರೆಲ್ಲಿಂದಲೂ ಬರಲಾರವು. ಆದ್ದರಿಂದ ಪ್ರಕಟಿಸಲೇಬಾರದು ಎನ್ನುವವರ ಜೊತೆ ನಾನಿಲ್ಲ. ನನ್ನ ತಕರಾರು, ಹಲವರ ನೆನಪುಗಳನ್ನು ಒಟ್ಟು ಸೇರಿಸಿದ ಮಾತ್ರಕ್ಕೆ ಅವು ಒಂದನ್ನೊಂದು ತಿದ್ದುತ್ತವೆ ಎಂಬುದರ ಮೇಲೆ, ಮತ್ತು ಕೈ ಹಾಕದೆ ಪ್ರಕಟಿಸುವುದೇ ಪ್ರಾಮಾಣಿಕ ಮಾರ್ಗ ಎಂಬುದರ ಮೇಲೆ.

ಹಲವು ಸಾಕ್ಷಿಗಳು ಒಬ್ಬ ಸಾಕ್ಷಿಗಿಂತ ಮೇಲು ಎನ್ನುವ ನ್ಯಾಯಾಲಯದ ತತ್ವಕ್ಕೆ ಒಂದು ಷರತ್ತಿದೆ: ಸಾಕ್ಷಿಗಳು ಪರಸ್ಪರ ಸ್ವತಂತ್ರರಾಗಿರಬೇಕು. ಅವರು ಮೊದಲೇ ಕೂತು ಮಾತಾಡಿಕೊಂಡಿದ್ದರೆ, ಹೇಳಿಕೆಗಳು ಹೊಂದುವುದರಿಂದ ಏನೂ ಸಾಬೀತಾಗುವುದಿಲ್ಲ. ಈ ಸೈನಿಕರು ಯುದ್ಧ ಮುಗಿದ ಮೇಲೆ ಒಂಟಿಯಾಗಿ ಕೂತು ನೆನಪಿಟ್ಟುಕೊಂಡವರಲ್ಲ. ಡಿವಿಷನ್ನಿನ ಹೆಸರಿನಲ್ಲಿ ಸಂಘ ಕಟ್ಟಿಕೊಂಡರು, ಕೂಟಗಳಲ್ಲಿ ಸೇರಿದರು, ಸಂಘದ ಪತ್ರಿಕೆ ಓದಿದರು, ಡಿವಿಷನ್ನಿನ ಇತಿಹಾಸ ಬರೆಸಿದರು. 1951ರಲ್ಲಿ ಟ್ಯಾಂಕ್ ದಳಗಳ ದಂಡನಾಯಕ ಗುಡೇರಿಯನ್‌ನ ಆತ್ಮಕಥೆ ಬಂತು, 1955ರಲ್ಲಿ ಇನ್ನೊಬ್ಬ ದಂಡನಾಯಕ ಮಾನ್‌ಸ್ಟೈನ್‌ನದು. ಈ ಸೈನಿಕರು ಭಾಗವಹಿಸಿದ ಯುದ್ಧದ ಅರ್ಥವೇನೆಂದು ಅವರಿಗೇ ವಿವರಿಸಿದ ಪುಸ್ತಕಗಳು ಇವು: ಸೈನಿಕರು ಚೆನ್ನಾಗಿಯೇ ಹೋರಾಡಿದರು, ಹಿಟ್ಲರ್ ಕೆಡಿಸಿದ, ಚಳಿ ಮತ್ತು ಶತ್ರುವಿನ ಅಪಾರ ಸಂಖ್ಯೆ ಸೋಲಿಸಿತು. ನಲವತ್ತು ವರ್ಷ ಬಿಟ್ಟು ಒಬ್ಬ ಸಂಗ್ರಾಹಕ ಟೇಪ್‌ರೆಕಾರ್ಡರ್ ಹಿಡಿದು ಬಂದಾಗ ಇಪ್ಪತ್ತು ಜನ ಇದೇ ಮಾತು ಹೇಳಿದರೆ, ಅದನ್ನು ಇಪ್ಪತ್ತು ಪುರಾವೆ ಎಂದು ಎಣಿಸುವುದು ಒಂದೇ ಬಾವಿಯ ನೀರನ್ನು ಇಪ್ಪತ್ತು ಕೊಡಗಳಲ್ಲಿ ತುಂಬಿಟ್ಟು ಇಪ್ಪತ್ತು ಬಾವಿ ಇವೆ ಎಂದಂತೆ. ಇದರಲ್ಲಿ ಯಾರೂ ಸುಳ್ಳು ಹೇಳಬೇಕಾಗಿಲ್ಲ. ಇಟಲಿಯ ಮೌಖಿಕ ಇತಿಹಾಸಕಾರ ಅಲೆಸಾಂಡ್ರೊ ಪೋರ್ಟೆಲಿ ಟೆರ್ನಿ ಎಂಬ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಕಂಡದ್ದು ಇಲ್ಲಿ ನೆನಪಾಗಬೇಕು. 1949ರಲ್ಲಿ ನೇಟೊ ವಿರೋಧಿ ಮೆರವಣಿಗೆಯಲ್ಲಿ ಪೊಲೀಸರ ಕೈಯಲ್ಲಿ ಸತ್ತ ಒಬ್ಬ ಕಾರ್ಮಿಕನ ಸಾವನ್ನು ಊರಿನ ಅನೇಕರು 1953ರ ಸಾಮೂಹಿಕ ವಜಾದ ವಿರುದ್ಧ ನಡೆದ ಹೋರಾಟಕ್ಕೆ ಒಯ್ದು ಸೇರಿಸಿದ್ದರು. ಎಲ್ಲರೂ ಒಂದೇ ರೀತಿ ತಪ್ಪಿದ್ದರು, ಯಾಕೆಂದರೆ ಆ ಸಾವಿಗೆ ಹೆಚ್ಚಿನ ಅರ್ಥ ಕೊಡುವುದು ಎಲ್ಲರಿಗೂ ಬೇಕಾಗಿತ್ತು. ಪೋರ್ಟೆಲಿ ಆ ತಪ್ಪನ್ನು ಎಸೆಯಲಿಲ್ಲ, ಅದರಿಂದಲೇ ಕಲಿತರು. ಆದರೆ ಹಾಗೆ ಕಲಿಯಲು ಸಾಧ್ಯವಾದದ್ದು ನಿಜವಾದ ದಿನಾಂಕ ಪಕ್ಕದಲ್ಲಿದ್ದುದರಿಂದ. ಹೇಳಿಕೆಯನ್ನು ಹೇಳಿದಂತೆಯೇ ಅಚ್ಚು ಹಾಕಿ ಸುಮ್ಮನಾಗಿದ್ದರೆ ತಪ್ಪೂ ಕಾಣುತ್ತಿರಲಿಲ್ಲ, ಅದರ ಕಾರಣವೂ ಹೊಳೆಯುತ್ತಿರಲಿಲ್ಲ.

ಕೈ ಹಾಕದ ಸಂಗ್ರಹ ಎಂಬುದು ಇದ್ದೀತೇ ಎನ್ನುವುದು ಮುಂದಿನ ಪ್ರಶ್ನೆ. ಯಾರನ್ನು ಕೇಳಬೇಕು, ಏನು ಕೇಳಬೇಕು, ಯಾವುದನ್ನು ಮೊದಲ ಅಧ್ಯಾಯ ಮಾಡಬೇಕು, ಯಾವುದನ್ನು ಬಿಡಬೇಕು ಎಂಬುದೆಲ್ಲ ಸಂಗ್ರಾಹಕನ ಕೆಲಸ. ಈ ಪ್ರಕಾರದ ಚರಿತ್ರೆಯಲ್ಲಿ ಆ ಕೆಲಸ ಯಾರ ಕೈಯಲ್ಲಿತ್ತೆಂದು ನೋಡಿದರೆ ಸಾಕು. ಪೌಲ್ ಕರೆಲ್ ಎಂಬ ಹೆಸರಿನಲ್ಲಿ 1963ರಲ್ಲಿ ಸೋವಿಯತ್ ಒಕ್ಕೂಟದ ಮೇಲಿನ ಜರ್ಮನ್ ದಾಳಿಯಾದ ಬಾರ್ಬರೋಸಾ ಕಾರ್ಯಾಚರಣೆಯ ಜನಪ್ರಿಯ ಕಥನ ಬರೆದು, ಹಳೆಯ ಸೈನಿಕರ ನೂರಾರು ನೆನಪುಗಳನ್ನು ಅದರಲ್ಲಿ ಹೆಣೆದವನ ನಿಜ ಹೆಸರು ಪೌಲ್ ಕಾರ್ಲ್ ಶ್ಮಿಟ್. ಈತ ಹಿಟ್ಲರನ ವಿದೇಶಾಂಗ ಮಂತ್ರಿ ರಿಬೆನ್‌ಟ್ರಾಪ್‌ನ ವಿದೇಶಾಂಗ ಇಲಾಖೆಯಲ್ಲಿ ಪತ್ರಿಕಾ ವಿಭಾಗದ ಮುಖ್ಯಸ್ಥನಾಗಿದ್ದ, ಎಸ್‌ಎಸ್‌ನಲ್ಲಿ ಮೇಲ್ದರ್ಜೆಯ ಅಧಿಕಾರಿಯಾಗಿದ್ದ. 1944ರ ಮೇ ತಿಂಗಳಲ್ಲಿ ಬುಡಾಪೆಸ್ಟಿನ ಯಹೂದಿಗಳನ್ನು ಸಾಗಿಸುವ ಕ್ರಮಕ್ಕೆ ಹೊರಗಿನವರ ಮುಂದೆ ಒಂದು ನೆಪ ಬೇಕೆಂದು, ಅವರ ಸಿನಗಾಗ್‌ಗಳಲ್ಲಿ ಸ್ಫೋಟಕ ಸಿಕ್ಕಂತೆ ಮಾಡಬಹುದೆಂದು ಟಿಪ್ಪಣಿ ಬರೆದವ. ಅವನ ಪುಸ್ತಕಗಳಲ್ಲಿ ಪೂರ್ವ ರಣರಂಗದ ಸೈನಿಕರು ಧೀರರೂ ದಣಿದವರೂ ಮನೆಯನ್ನು ನೆನೆಯುವವರೂ ಆಗಿ ಕಾಣುತ್ತಾರೆ. ಅದೇ ನೆಲದಲ್ಲಿ ಕೊಲ್ಲಲ್ಪಟ್ಟ ಯಹೂದಿಗಳು ಕಾಣುವುದೇ ಇಲ್ಲ. ಒಂದೊಂದು ನೆನಪೂ ನಿಜವಿರಬಹುದು, ಜೋಡಣೆ ಅವನದು. 1951ರಲ್ಲಿ ಹುಟ್ಟಿದ, ವಾಫೆನ್ ಎಸ್‌ಎಸ್‌ನ ಮಾಜಿ ಸೈನಿಕರ ಹಿಯಾಗ್ ಸಂಘ ತನ್ನದೇ ಪತ್ರಿಕೆ, ತನ್ನದೇ ಪ್ರಕಾಶನ ನಡೆಸಿತು. ತಾವೂ ಎಲ್ಲರಂತೆ ಸೈನಿಕರೇ ಎಂದು ಸಾಬೀತುಪಡಿಸುವುದು ಅದರ ಬಹಿರಂಗ ಗುರಿಯಾಗಿತ್ತು, ಪಿಂಚಣಿಯ ಹಕ್ಕೂ ಅದಕ್ಕೆ ತಳುಕು ಹಾಕಿಕೊಂಡಿತ್ತು. ದಂಡನಾಯಕರ ಪುಸ್ತಕಗಳೂ ಇದಕ್ಕೆ ಹೊರತಲ್ಲ. ಗುಡೇರಿಯನ್‌ನ ಆತ್ಮಕಥೆಯ 1952ರ ಇಂಗ್ಲಿಷ್ ಆವೃತ್ತಿಯಲ್ಲಿ, ಟ್ಯಾಂಕ್ ಯುದ್ಧದ ವಿಚಾರಗಳಿಗಾಗಿ ಬ್ರಿಟಿಷ್ ಲೇಖಕ ಲಿಡೆಲ್ ಹಾರ್ಟ್‌ಗೆ ಋಣ ಒಪ್ಪಿಕೊಳ್ಳುವ ಒಂದು ಭಾಗವಿದೆ. ಜರ್ಮನ್ ಮೂಲದಲ್ಲಿ ಅದಿಲ್ಲ. ಲಿಡೆಲ್ ಹಾರ್ಟ್ ಸ್ವತಃ ಕೇಳಿ ಸೇರಿಸಿಕೊಂಡದ್ದು ಅದು. ಸಂಪಾದಕನ ಕೈ ಇಲ್ಲದ ನೆನಪಿನ ಪುಸ್ತಕವನ್ನು ನಾನು ಈ ಪ್ರಕಾರದಲ್ಲಿ ಕಂಡಿಲ್ಲ. ಕೈ ಇದೆ ಎಂದು ಒಪ್ಪಿಕೊಂಡ ಪುಸ್ತಕ, ಇಲ್ಲವೆಂದು ನಟಿಸುವ ಪುಸ್ತಕ, ಇಷ್ಟೇ ವ್ಯತ್ಯಾಸ.

ಇನ್ನು ಆ ಸಾಕ್ಷಿ ಕೂತಿದ್ದ ಜಾಗದ ವಿಷಯ. ಇದನ್ನು ಈ ಪುಸ್ತಕಗಳನ್ನು ಮೆಚ್ಚುವವರು ಬೇರೆಲ್ಲಕ್ಕಿಂತ ಕಡಿಮೆ ಯೋಚಿಸುತ್ತಾರೆ. ಜರ್ಮನಿಯ ಮಧ್ಯಮ ಮತ್ತು ಭಾರಿ ಟ್ಯಾಂಕುಗಳಲ್ಲಿ ಐದು ಜನ. ಚಾಲಕನಿಗೆ ಮುಂದಿನ ಕಿರಿದಾದ ಸೀಳಿನಿಂದ ಕಾಣುವಷ್ಟೇ ಲೋಕ. ರೇಡಿಯೊದವನ ಕಿವಿಗೆ ಹೆಡ್‌ಫೋನ್, ಕಣ್ಣಿಗೆ ಮಷಿನ್‌ಗನ್ನಿನ ಗುರಿಗಾಜು. ಗುಂಡು ತುಂಬುವವನಿಗೆ ಯುದ್ಧವೆಂದರೆ ಬಹುಪಾಲು ಸದ್ದು, ಹೊಗೆ, ತೋಳಿನ ನೋವು. ಹೊರಗೆ ಏನಾಯಿತೆಂದು ಅವನು ತಿಳಿಯುವುದು ಇತರರ ಮಾತಿನಿಂದ. ಗುರಿಕಾರನಿಗೆ ಟೈಗರಿನಲ್ಲಾದರೆ ಎರಡೂವರೆ ಪಟ್ಟು ಹಿಗ್ಗಿಸಿ ತೋರಿಸುವ ದುರ್ಬೀನಿನ ವೃತ್ತ: ದೂರದ್ದು ಸ್ಪಷ್ಟ, ಪಕ್ಕದ್ದು ಕಾಣದು. ಕಮಾಂಡರ್ ಒಬ್ಬನೇ ತಲೆ ಹೊರಹಾಕಿ ಸುತ್ತ ನೋಡಬಲ್ಲವ, ಗುಂಡಿನ ಮಳೆ ಬಂದಾಗ ಅವನೂ ಮುಚ್ಚಳ ಹಾಕಿಕೊಳ್ಳುತ್ತಾನೆ. ಆದರೂ ಇವರ ಕಥನಗಳಲ್ಲಿ ಎಲ್ಲರೂ ಇಡೀ ಯುದ್ಧಭೂಮಿಯನ್ನು ಗುಡ್ಡದ ಮೇಲೆ ನಿಂತು ನೋಡಿದವರಂತೆ ಮಾತಾಡುತ್ತಾರೆ. ಆ ವಿಶಾಲ ನೋಟ ಆಮೇಲೆ ಬಂದದ್ದು, ನಕ್ಷೆಗಳಿಂದ, ಡಿವಿಷನ್ ಇತಿಹಾಸದಿಂದ, ಗೆಳೆಯರ ಮಾತಿನಿಂದ. ಸಂಪಾದಕ ಪ್ರತಿ ಹೇಳಿಕೆಯ ಮೇಲೆ ಇವನು ಗುಂಡು ತುಂಬುವವ, ಇವನು ಚಾಲಕ ಎಂದು ಬರೆದರೆ ಅರ್ಧ ಕೆಲಸ ಆದಂತೆ. ಓದುಗ ತಾನೇ ಪ್ರಶ್ನಿಸಲು ತೊಡಗುತ್ತಾನೆ. ಬಹಳ ಸಂಪುಟಗಳಲ್ಲಿ ಹೆಸರು, ದರ್ಜೆ, ಪದಕಗಳ ಪಟ್ಟಿ ಇರುತ್ತದೆ, ಆಸನದ ಉಲ್ಲೇಖ ಇರುವುದಿಲ್ಲ.

ಎಷ್ಟು ಟ್ಯಾಂಕುಗಳನ್ನು ಹೊಡೆದೆವು ಎಂಬ ಲೆಕ್ಕದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದೇ ಗುರಿಗೆ ಮೂವರು ಹೊಡೆದು ಮೂವರೂ ಎಣಿಸಿಕೊಳ್ಳುವುದು ಎಲ್ಲ ಸೇನೆಗಳಲ್ಲೂ ಇತ್ತು. ಕುರ್ಸ್ಕ್ ಕಾಳಗದ ಪ್ರೊಖೊರೋವ್ಕಾದಲ್ಲಿ 1943ರ ಜುಲೈ 12ರಂದು ಜರ್ಮನ್ನರ ಬೆನ್ನೆಲುಬು ಮುರಿದೆವೆಂಬ ಸೋವಿಯತ್ ಕಥೆಯೂ ಜರ್ಮನ್ ದಾಖಲೆಗಳ ಮುಂದೆ ಕರಗಿತು. ಆದರೆ ಒಂದು ಪ್ರಸಂಗ ನಮ್ಮ ವಾದಕ್ಕೆ ನೇರವಾಗಿ ಬೇಕು. 1944ರ ಜುಲೈ 27ರಂದು ನಾರ್ಮಂಡಿಯ ಒಂದು ರಸ್ತೆ ಕೂಡುವಲ್ಲಿ ದಾಸ್ ರೈಖ್ ಎಸ್‌ಎಸ್ ಪಾಂಜರ್ ಡಿವಿಷನ್ನಿನ ಎರ್ನ್ಸ್ಟ್ ಬಾರ್ಕ್‌ಮಾನ್ ಒಂದೇ ಪ್ಯಾಂಥರಿನಿಂದ ಸುಮಾರು ಒಂಬತ್ತು ಅಮೆರಿಕನ್ ಶರ್ಮನ್‌ಗಳನ್ನು ನಾಶ ಮಾಡಿದನೆಂಬ ಕಥೆ ಇಂಥ ಸಂಗ್ರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಟ್ಯಾಂಕ್ ಯುದ್ಧದ ಅಮೆರಿಕನ್ ಇತಿಹಾಸಕಾರ ಸ್ಟೀವನ್ ಜಲೋಗಾ ಅಮೆರಿಕದ ನಷ್ಟದ ದಾಖಲೆಗಳನ್ನು ತಡಕಿದಾಗ ಇದಕ್ಕೆ ಹೊಂದುವ ನಷ್ಟ ಅವರಿಗೆ ಸಿಗಲಿಲ್ಲ. ಅವರ ಪ್ರಕಾರ ಇದು ಅಂದಿನ ಪ್ರಚಾರಯಂತ್ರದ ಕೂಸು. ಇದಕ್ಕಿಂತ ಏಳು ವಾರ ಹಿಂದೆ, ಜೂನ್ 10ರಂದು, ಅದೇ ಡಿವಿಷನ್ನಿನ ಒಂದು ಕಾಲಾಳು ತುಕಡಿ ಒರಾದೂರ್ ಸುರ್ ಗ್ಲಾನ್ ಎಂಬ ಫ್ರೆಂಚ್ ಹಳ್ಳಿಗೆ ಹೋಗಿ ಆರುನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಹೆಂಗಸರನ್ನೂ ಮಕ್ಕಳನ್ನೂ ಚರ್ಚಿನೊಳಗೆ ಕೂಡಿಹಾಕಿ ಸುಟ್ಟಿತು. ಬಾರ್ಕ್‌ಮಾನ್ ಅಲ್ಲಿರಲಿಲ್ಲ, ಟ್ಯಾಂಕ್ ರೆಜಿಮೆಂಟ್ ಮಾಡಿದ್ದೂ ಅಲ್ಲ. ಈ ನ್ಯಾಯ ಅವರಿಗೆ ಸಲ್ಲಬೇಕು. ಆದರೆ ದಾಸ್ ರೈಖ್ ಎಂಬ ಹೆಸರನ್ನು ಮುಖಪುಟದಲ್ಲಿ ದೊಡ್ಡಕ್ಷರದಲ್ಲಿ ಹಾಕಿ, ಅದರ ಕೀರ್ತಿಯ ಮೇಲೆ ಪುಸ್ತಕ ಮಾರುವ ಪ್ರಕಾಶಕ, ಆ ಹೆಸರಿಗೆ ಅಂಟಿರುವ ಒಂದು ರಸ್ತೆಯ ಕಥೆಯನ್ನು ಹೇಳಿ ಇನ್ನೊಂದು ಹಳ್ಳಿಯ ಕಥೆಯನ್ನು ಬಿಡುವುದಕ್ಕೆ ಯಾವ ನ್ಯಾಯವಿದೆ?

ಟ್ಯಾಂಕಿನವರು ಕೇವಲ ಹೋರಾಡಿದವರು, ಕ್ರೌರ್ಯ ಹಿಂದಿನಿಂದ ಬಂದ ಬೇರೆಯವರದು ಎಂಬ ಮಾತಿನ ಗೊಂದಲವೂ ಇಲ್ಲೇ ಇದೆ. ವ್ಯಕ್ತಿಯೊಬ್ಬನ ಮಟ್ಟದಲ್ಲಿ ಅದು ಎಷ್ಟೋ ಸಲ ನಿಜ. ಪಾಂಜರ್ ದಳ ಮುಂದೆ ನುಗ್ಗಿ ಸುತ್ತುವರಿಯುತ್ತಿತ್ತು, ಉಂಗುರ ಮುಚ್ಚಿದ ಮೇಲೆ ಇನ್ನೊಂದು ದಿಕ್ಕಿಗೆ ಹೋಗುತ್ತಿತ್ತು. 1941ರ ಸೆಪ್ಟೆಂಬರ್‌ನಲ್ಲಿ ಕೀವ್‌ನ ಪೂರ್ವಕ್ಕೆ ಗುಡೇರಿಯನ್ ಮತ್ತು ಕ್ಲೈಸ್ಟ್‌ರ ಟ್ಯಾಂಕುಗಳು ಸಂಧಿಸಿದಾಗ ಆರು ಲಕ್ಷಕ್ಕೂ ಹೆಚ್ಚು ಸೆರೆಯಾಳುಗಳು ಸಿಕ್ಕರೆಂದು ಜರ್ಮನ್ ಸೇನೆ ಸಾರಿತು. ಅವರಿಗೇನಾಯಿತು? ಇಡೀ ಯುದ್ಧದಲ್ಲಿ ಜರ್ಮನ್ನರ ಕೈಗೆ ಸಿಕ್ಕ ಸುಮಾರು 57 ಲಕ್ಷ ಸೋವಿಯತ್ ಸೈನಿಕರಲ್ಲಿ ಸುಮಾರು 33 ಲಕ್ಷ ಜನ ಸತ್ತರು. ಅವರಲ್ಲಿ ಸುಮಾರು 20 ಲಕ್ಷ ಜನ 1942ರ ಫೆಬ್ರವರಿಯೊಳಗೇ, ಮುಳ್ಳುತಂತಿಯ ಹಿಂದೆ, ಹಸಿವು ಚಳಿ ರೋಗಗಳಿಂದ. ಅಂದರೆ ಪಾಂಜರ್ ದಳದ ಅತಿ ದೊಡ್ಡ ಗೆಲುವುಗಳ ಫಲವೇ ಈ ಸಾವಿನ ಶಿಬಿರಗಳಿಗೆ ಹೋಯಿತು. ಮುಂದಿನ ದಿಕ್ಕಿಗೆ ತಿರುಗಿದ ಚಾಲಕನಿಗೆ ಅದು ಕಾಣದಿರಬಹುದು. ಅವನ ಕಥನದಲ್ಲಿ ಅದು ಇಲ್ಲದಿರುವುದು ಸುಳ್ಳಲ್ಲ. ಆದರೆ ಅಂಥ ನಲವತ್ತು ಕಥನಗಳನ್ನು ಪೋಣಿಸಿ ಇದೇ ಪಾಂಜರ್ ಯುದ್ಧ ಎಂದು ಕೊಟ್ಟಾಗ, ನಲವತ್ತು ಪ್ರಾಮಾಣಿಕ ಮೌನಗಳು ಕೂಡಿ ಒಂದು ಸುಳ್ಳಾಗುತ್ತವೆ. ಆ ಸುಳ್ಳಿಗೆ ಹೊಣೆ ಸಂಪಾದಕನೇ, ಏಕೆಂದರೆ ಅದನ್ನು ನಲವತ್ತರಲ್ಲಿ ಯಾರೂ ಹೇಳಲಿಲ್ಲ. ಮೇಲಿನವರಿಗಂತೂ ತಿಳಿದಿತ್ತು. ನಾಲ್ಕನೇ ಪಾಂಜರ್ ಗುಂಪಿನ ನಾಯಕ ಹೋಪ್‌ನರ್ 1941ರ ಮೇ ತಿಂಗಳಲ್ಲೇ, ಈ ಯುದ್ಧವನ್ನು ಹಿಂದೆಂದೂ ಇಲ್ಲದಷ್ಟು ನಿರ್ದಯವಾಗಿ ನಡೆಸಬೇಕೆಂದು ತನ್ನ ಸೇನೆಗೆ ಆಜ್ಞೆ ಬರೆದ. ಇದೇ ಹೋಪ್‌ನರ್ 1944ರಲ್ಲಿ ಹಿಟ್ಲರ್ ವಿರುದ್ಧದ ಸಂಚಿನಲ್ಲಿ ಸಿಕ್ಕಿ ನೇಣಿಗೇರಿದ. ಒಬ್ಬ ಮನುಷ್ಯನ ಬಾಳಿನಲ್ಲೇ ಇಷ್ಟು ವಿರೋಧವಿರುವಾಗ, ಬರೀ ಸೈನಿಕ ಎಂಬ ಹಣೆಪಟ್ಟಿ ಏನನ್ನು ವಿವರಿಸೀತು?

ಈಗ ಆಕ್ಷೇಪಗಳಿಗೆ ಬರುತ್ತೇನೆ. ಇವುಗಳಲ್ಲಿ ಕೆಲವು ಹಗುರವಲ್ಲ.

1. ಇತಿಹಾಸ ಗೆದ್ದವರದ್ದು, ಸೋತವರ ಮಾತನ್ನು ಅಡ್ಡಿಯಿಲ್ಲದೆ ಕೇಳೋಣ ಎನ್ನುತ್ತಾರೆ. ಪೂರ್ವ ರಣರಂಗದ ಮಟ್ಟಿಗೆ ಇದು ತಲೆಕೆಳಗು. ಯುದ್ಧ ಮುಗಿದೊಡನೆ ಅಮೆರಿಕದ ಸೇನೆಯೇ ತನ್ನ ಇತಿಹಾಸ ವಿಭಾಗಕ್ಕಾಗಿ ಜರ್ಮನ್ ಅಧಿಕಾರಿಗಳಿಂದ ಎರಡು ಸಾವಿರಕ್ಕೂ ಹೆಚ್ಚು ವರದಿಗಳನ್ನು ಬರೆಸಿತು. ಆ ಕೆಲಸದ ನೇತೃತ್ವ ಹಿಟ್ಲರನ ಭೂಸೇನೆಯ ಜನರಲ್ ಸ್ಟಾಫ್ ಮುಖ್ಯಸ್ಥನಾಗಿದ್ದ ಫ್ರಾಂಟ್ಸ್ ಹಾಲ್ಡರ್‌ನದು. ಅದಕ್ಕೆ ಅಮೆರಿಕ ಸರ್ಕಾರದ ಗೌರವವೂ ಅವನಿಗೆ ಸಿಕ್ಕಿತು. ಸೋವಿಯತ್ ದಾಖಲಾಲಯಗಳು ಮುಚ್ಚಿದ್ದ ಶೀತಲ ಯುದ್ಧದ ದಶಕಗಳಲ್ಲಿ ಪಶ್ಚಿಮದ ಓದುಗರು ಆ ಯುದ್ಧವನ್ನು ಬಹುಪಾಲು ಸೋತವರ ಕಣ್ಣಿನಿಂದಲೇ ನೋಡಿದರು. ಕೇಳಿಸದೆ ಉಳಿದದ್ದು ಬೆಲಾರುಸ್, ಉಕ್ರೇನ್‌ನ ಹಳ್ಳಿಗರ ದನಿ, ಸೆರೆಯಾಳುಗಳ ದನಿ. ಉತ್ತರ ಆಫ್ರಿಕಾದ ಕಥನಗಳಲ್ಲೂ ಹೀಗೇ. 1941ರ ಏಪ್ರಿಲ್‌ನಲ್ಲಿ ಮೆಖಿಲಿಯಲ್ಲಿ ಜರ್ಮನ್ ದಂಡನಾಯಕ ರೊಮ್ಮೆಲ್‌ನ ಸೇನೆಗೆ ಎದುರಾದದ್ದು ಟ್ಯಾಂಕುಗಳೇ ಇಲ್ಲದ, ಲಾರಿಗಳಲ್ಲಿ ಬಂದ ಮೂರನೇ ಭಾರತೀಯ ಮೋಟಾರ್ ಬ್ರಿಗೇಡ್. ಮರುಭೂಮಿಯಲ್ಲಿದ್ದ ಆ ಭಾರತೀಯ ಸಿಪಾಯಿಗಳ ಮಾತು ನಮಗೆ ಉಳಿದಿರುವುದು ಹೆಚ್ಚಾಗಿ, ಅವರ ಕಾಗದಗಳನ್ನು ಒಡೆದು ಓದಿದ ಸೆನ್ಸಾರ್ ಅಧಿಕಾರಿಗಳ ವರದಿಗಳಲ್ಲಿ.

2. ಮುದುಕನೊಬ್ಬ ನಂಬಿ ಹೇಳಿದ್ದಕ್ಕೆ ಕೆಳಗೆ ತಿದ್ದುಪಡಿ ಹಾಕುವುದು ಅವಮಾನ ಎನ್ನುತ್ತಾರೆ. ಈ ಆಕ್ಷೇಪಕ್ಕೆ ತೂಕವಿದೆ, ಯಾಕೆಂದರೆ ನಂಬಿಕೆಯಿಂದಲೇ ಇಂಥ ಸಂದರ್ಶನ ನಡೆಯುವುದು. ಆದರೆ ಟಿಪ್ಪಣಿ ಬರಲಿದೆಯೆಂದು ಮೊದಲೇ ಹೇಳಬಹುದಿತ್ತು, ಅನುಮಾನವಿದ್ದ ಕಡೆ ಎದುರಿಗೇ ಕೇಳಬಹುದಿತ್ತು. ಕೇಳದೆ ಬಿಡುವುದು ಗೌರವವಲ್ಲ, ಅವನಿಂದ ಉತ್ತರ ಬರಲಾರದೆಂಬ ತಾತ್ಸಾರ. ಈಗಂತೂ ಆ ತಲೆಮಾರು ಹೆಚ್ಚುಕಡಿಮೆ ಇಲ್ಲವಾಗಿದೆ, ಉಳಿದಿರುವುದು ಟೇಪು ಮತ್ತು ಹಸ್ತಪ್ರತಿ. ಅವರನ್ನು ಮತ್ತೆ ಕೇಳಲಾಗದು ಎಂಬ ಕಾರಣಕ್ಕೇ ಟಿಪ್ಪಣಿ ಇನ್ನಷ್ಟು ಬೇಕು.

3. ಓದುಗ ದಡ್ಡನಲ್ಲ, ಅವನೇ ತೀರ್ಮಾನಿಸಲಿ ಎನ್ನುತ್ತಾರೆ. ಹೌದು, ಆದರೆ ತೀರ್ಮಾನಕ್ಕೆ ಬೇಕಾದ ಸಾಮಗ್ರಿ ಅವನ ಬಳಿ ಇರಬೇಕಲ್ಲ. ಯುದ್ಧ ಡೈರಿಯ ಆ ದಿನದ ಪುಟ, ಎದುರು ಪಕ್ಷದ ನಷ್ಟದ ಪಟ್ಟಿ ಇವು ಫ್ರೈಬುರ್ಗಿನ ಸೇನಾ ದಾಖಲಾಲಯದಲ್ಲೊ ವಾಷಿಂಗ್ಟನ್ನಿನ ಮೈಕ್ರೊಫಿಲ್ಮ್‌ನಲ್ಲೊ ಇವೆ. ಅವನ್ನು ಓದುಗನ ಮುಂದಿಡದೆ ಅವನ ಬುದ್ಧಿಯನ್ನು ಹೊಗಳುವುದು ಸರಿಯಲ್ಲ.

ಇನ್ನೊಂದು ದಿಕ್ಕಿನಿಂದ ಬರುವ ಆಕ್ಷೇಪ ಇದಕ್ಕಿಂತ ಗಂಭೀರ: ಇಷ್ಟೆಲ್ಲ ಕಲುಷಿತವಾದ ನೆನಪುಗಳನ್ನು ಟಿಪ್ಪಣಿ ಹಾಕಿಯಾದರೂ ಏಕೆ ಪ್ರಕಟಿಸಬೇಕು, ಕೊಂದವರಿಗೇ ಮತ್ತೆ ಮಾತಿನ ಅವಕಾಶ ಏಕೆ? ಇದಕ್ಕೆ ಉತ್ತರ ಇದೇ ಸೈನಿಕರ ಇನ್ನೊಂದು ಬಗೆಯ ಮಾತಿನಲ್ಲಿದೆ. ಬ್ರಿಟಿಷರೂ ಅಮೆರಿಕನ್ನರೂ ಲಂಡನ್ ಬಳಿಯ ಟ್ರೆಂಟ್ ಪಾರ್ಕ್, ವರ್ಜೀನಿಯಾದ ಫೋರ್ಟ್ ಹಂಟ್ ಮೊದಲಾದೆಡೆ ಜರ್ಮನ್ ಸೆರೆಯಾಳುಗಳ ಖಾಸಗಿ ಮಾತುಕತೆಯನ್ನು ಗುಪ್ತವಾಗಿ ಕೇಳಿ ಬರೆದಿಟ್ಟರು. ಪಾಂಜರ್ ದಳಗಳ ಫಾನ್ ಥೋಮಾ, ಎಬರ್‌ಬಾಖ್‌ರಂಥ ಜನರಲ್‌ಗಳೂ ಟ್ರೆಂಟ್ ಪಾರ್ಕಿನಲ್ಲಿದ್ದರು. ಒಂದೂವರೆ ಲಕ್ಷ ಪುಟಗಳಷ್ಟಿರುವ ಆ ಬರಹಗಳನ್ನು ಇತಿಹಾಸಕಾರ ಸೋಂಕೆ ನೈಟ್ಸೆಲ್ ಕಂಡುಹಿಡಿದು, ಸಮಾಜ ಮನಶ್ಶಾಸ್ತ್ರಜ್ಞ ಹರಾಲ್ಡ್ ವೆಲ್ಸರ್ ಜೊತೆ 2011ರಲ್ಲಿ ಪುಸ್ತಕ ತಂದರು. ಅಲ್ಲಿ ಸೈನಿಕರು ಸಾಮೂಹಿಕ ಹತ್ಯೆಗಳ ಬಗ್ಗೆ ತಮಗೆ ಗೊತ್ತಿದ್ದುದನ್ನು, ಕೆಲವೊಮ್ಮೆ ತಾವೇ ಮಾಡಿದ್ದನ್ನು, ಕೇಳುವವರು ಬೇರೆ ಯಾರೂ ಇಲ್ಲವೆಂದುಕೊಂಡು ಆಡಿಕೊಂಡಿದ್ದಾರೆ. ಅದೇ ಪೀಳಿಗೆ 1980ರ ಹೊತ್ತಿಗೆ ಸಂಗ್ರಾಹಕರೆದುರು ಏನು ಹೇಳಿತು, ಏನು ಬಿಟ್ಟಿತು ಎಂದು ಹೋಲಿಸಬೇಕಾದರೆ ಆಮೇಲಿನ ಮಾತೂ ನಮ್ಮ ಮುಂದಿರಬೇಕು. ಒಂದು ಸಮಾಜ ತನ್ನ ಅಪರಾಧವನ್ನು ಮರೆಯುವುದು ಹೇಗೆಂಬುದಕ್ಕೆ ಈ ನೆನಪಿನ ಸಂಪುಟಗಳಿಗಿಂತ ದೊಡ್ಡ ದಾಖಲೆ ಸಿಗುವುದು ಕಷ್ಟ. ಅವನ್ನು ಬಚ್ಚಿಟ್ಟರೆ ನಾವು ಕಳೆದುಕೊಳ್ಳುವುದು ಆ ಅರಿವನ್ನು.

ಹಾಗಾದರೆ ಒಳ್ಳೆಯ ಸಂಪುಟದಲ್ಲಿ ಏನಿರಬೇಕು? ಪ್ರತಿ ಹೇಳಿಕೆಯನ್ನು ಯಾವ ವರ್ಷ, ಯಾರು, ಯಾರ ಸಮ್ಮುಖದಲ್ಲಿ ಪಡೆದರು. ಹೇಳಿದವನ ಆಸನ ಯಾವುದು. ಅವನು ಯಾವ ಸಂಘದ ಸದಸ್ಯನಾಗಿದ್ದ. ಕೇಳಿದ ಪ್ರಶ್ನೆಗಳೇನು, ಯಾವುದಕ್ಕೆ ಉತ್ತರ ಬರಲಿಲ್ಲ. ಯುದ್ಧಕಾಲದಲ್ಲಿ ಅವನೇ ಮನೆಗೆ ಬರೆದ ಕಾಗದ ಉಳಿದಿದ್ದರೆ ಅದು ಎದುರು ಪುಟದಲ್ಲಿ. ಆ ವಾರ ಅವನ ಡಿವಿಷನ್ ಇದ್ದ ಪ್ರದೇಶದಲ್ಲಿ ಸೆರೆಯಾಳುಗಳಿಗೆ, ಊರವರಿಗೆ ಏನಾಯಿತೆಂಬ ಒಂದು ಪುಟದ ವಿವರ, ಅವನ ಮೇಲೆ ಆರೋಪ ಹೊರಿಸದೆ. ಆಯ್ಕೆಯೂ ಬದಲಾಗಬೇಕು. ಮೊದಲ ಮಾದರಿಯ ಟೈಗರ್‌ಗಳು ತಯಾರಾದದ್ದು ಸುಮಾರು 1,350. ಇದೇ ಸೇನೆ 1941ರಲ್ಲಿ ಸೋವಿಯತ್ ಒಕ್ಕೂಟಕ್ಕೆ ನುಗ್ಗಿದ್ದು ಆರು ಲಕ್ಷ ಕುದುರೆಗಳೊಡನೆ. ಆದರೂ ಸಂಗ್ರಹಗಳಲ್ಲಿ ಟೈಗರ್ ಕಮಾಂಡರ್‌ಗಳದೇ ಜಾತ್ರೆ. ಕಾರ್ಯಾಗಾರದ ಮೆಕ್ಯಾನಿಕ್, ಎಳೆಬಂಡಿಯ ಚಾಲಕ, ಇಂಧನದ ಲಾರಿಯವ ಇವರ ನೆನಪು ಬಹುಶಃ ಹೆಚ್ಚು ನಂಬಬಹುದಾದದ್ದು, ಯಾಕೆಂದರೆ ಅವರನ್ನು ವೀರರನ್ನಾಗಿ ಮಾಡಲು ಪ್ರಚಾರಯಂತ್ರಕ್ಕೆ ಆಸಕ್ತಿ ಇರಲಿಲ್ಲ, ಅವರ ಕಥೆಯನ್ನು ಯಾರೂ ಅವರಿಗೆ ಮೊದಲೇ ಬರೆದುಕೊಟ್ಟಿರಲಿಲ್ಲ.

ಇಷ್ಟೆಲ್ಲ ಹೊತ್ತ ಪುಸ್ತಕ ದಪ್ಪವಾಗುತ್ತದೆ, ಮಾರಾಟವಾಗುವುದಿಲ್ಲ ಎಂದು ಪ್ರಕಾಶಕರು ಹೇಳುವುದು ನಿಜವಿರಬಹುದು. ಉಳಿಸುವುದು ಬೇರೆ, ಮಾರುವುದು ಬೇರೆ ಎಂಬುದನ್ನು ಒಪ್ಪಿದರೆ ಈ ಕಷ್ಟ ಅರ್ಧ ಕಡಿಮೆಯಾಗುತ್ತದೆ. ಸಂಗ್ರಾಹಕರ ಕಪಾಟುಗಳಲ್ಲಿರುವ ಟೇಪುಗಳೆಲ್ಲ, ಪ್ರಶ್ನೆಗಳ ಸಮೇತ, ಕತ್ತರಿಸದೆ, ಸಂಶೋಧಕರಿಗೆ ತೆರೆದಿರುವ ದಾಖಲಾಲಯವೊಂದಕ್ಕೆ ಸೇರಲಿ. ಅಚ್ಚಿಗೆ ಹೋಗುವುದು ನಲವತ್ತರ ಬದಲು ಆರೇ ಇರಲಿ, ಆ ಆರರ ಸುತ್ತ ಇರಬೇಕಾದದ್ದೆಲ್ಲ ಇರಲಿ. ಟೇಪುಗಳನ್ನು ದಾಖಲಾಲಯಕ್ಕೆ ಕೊಡಲು ಒಪ್ಪದೆ, ಅವುಗಳಿಂದ ಆಯ್ದ ಮಾತನ್ನು ಮಾತ್ರ ಮುಚ್ಚುಮರೆಯಿಲ್ಲದ ಸತ್ಯವೆಂದು ಮಾರುವ ಸಂಪಾದಕನ ಪುಸ್ತಕವನ್ನು ಓದುಗರೂ ಗ್ರಂಥಾಲಯಗಳೂ ಇತಿಹಾಸದ ಕಪಾಟಿನಲ್ಲಿ ಇಡಬೇಕಾಗಿಲ್ಲ.